ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು?



ಈ ಸಲದ ರಾಜ್ಯೋತ್ಸವದ ಊಟ ನಿಮಗೆಲ್ಲ ನೆನಪಿರಬೇಕು. ಹೋಳಿಗೆ ಚೆನ್ನಾಗಿತ್ತು, ತುಪ್ಪ ಧಾರಾಳವಾಗಿತ್ತು, ಬಡಿಸುವವರ ಉತ್ಸಾಹವಂತೂ ಅದಕ್ಕಿಂತ ಹೆಚ್ಚಾಗಿತ್ತು. ಎರಡನೆಯ ಪಂಕ್ತಿಯಲ್ಲಿ ಕೂತಿದ್ದ ನಮ್ಮ ಮನೆಯ ಯಜಮಾನರು ಒಂದಾದ ಮೇಲೆ ಒಂದರಂತೆ ಮೂರು ಹೋಳಿಗೆ ಹಾಕಿಸಿಕೊಂಡರು. ಪಕ್ಕದಲ್ಲಿದ್ದವರು "ಇವರ ಹಾಗೆ ತಿನ್ನಬೇಕು ನೋಡಿ" ಎಂದು ಹೊಗಳಿದರು. ಆ ಹೊತ್ತಿಗೆ ಅವರ ರಕ್ತಪರೀಕ್ಷೆಯ ವರದಿ ಕಾರಿನಲ್ಲಿ ಮುಲ್ಕಿಯಾ ಇಡುವ ಖಾನೆಯೊಳಗೆ ನಾಲ್ಕಾಗಿ ಮಡಿಚಿ ಕೂತು ನಾಲ್ಕು ದಿನವಾಗಿತ್ತು. ಮೂರನೆಯ ಹೋಳಿಗೆ ಬೇಕಾಗಿರಲಿಲ್ಲ. ಬೇಡ ಎಂದರೆ ಯಾರಾದರೂ "ಯಾಕೆ, ಶುಗರ್ರಾ?" ಎಂದು ಕೇಳಿಯಾರು ಎಂಬ ಭಯಕ್ಕೆ ಹಾಕಿಸಿಕೊಂಡದ್ದು.

ಈ ಲೇಖನವನ್ನು ನಾವು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಬರೆದಿದ್ದೇವೆ. ಆದ್ದರಿಂದ 'ನಾವು' ಎಂದೇ ಬರೆಯುತ್ತೇವೆ. ರಕ್ತ ಯಜಮಾನರದು, ಆದರೆ ಅಡುಗೆಮನೆ ಒಂದೇ, ರಾತ್ರಿಯ ನಿದ್ದೆಗೆಟ್ಟದ್ದೂ ಇಬ್ಬರದು.

ನಡೆದದ್ದು ಇಷ್ಟು. ಅಕ್ಟೋಬರ್ ಕೊನೆಯಲ್ಲಿ ಕಂಪನಿಯ ವಾರ್ಷಿಕ ತಪಾಸಣೆಯಾಯಿತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 121 ಬಂತು. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 6.6 ಬಂತು. ಈ ಅಂಕಿಗಳ ಅರ್ಥ ನಮಗೂ ಮೊದಲು ಗೊತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಮೇಲಿದ್ದರೆ ಮಧುಮೇಹ. 100ರಿಂದ 125ರವರೆಗೆ ಅದರ ಹೊಸ್ತಿಲು. ಎಚ್‌ಬಿಎ1ಸಿ 6.5 ಅಥವಾ ಮೇಲಿದ್ದರೆ ಮಧುಮೇಹ, 5.7ರಿಂದ 6.4ರವರೆಗೆ ಹೊಸ್ತಿಲು. (ಇಲ್ಲಿನ ಕೆಲವು ಪ್ರಯೋಗಾಲಯಗಳು ರಕ್ತದ ಸಕ್ಕರೆಯನ್ನು ಬೇರೆ ಮಾನದಲ್ಲಿ ಕೊಡುತ್ತವೆ. ಅದರಲ್ಲಿ 7.0 ಎಂದರೆ ನಮ್ಮ ಊರಿನ ಲೆಕ್ಕದ 126. ಗಾಬರಿಯಾಗದೆ 18ರಿಂದ ಗುಣಿಸಿಕೊಳ್ಳಿ.) ಅಂದರೆ ನಮ್ಮ ಎರಡು ಪರೀಕ್ಷೆಗಳಲ್ಲಿ ಒಂದು ಗೆರೆಯ ಆಚೆ, ಇನ್ನೊಂದು ಈಚೆ. ರಕ್ತಹೀನತೆಯಿಂದಲೂ ಎಚ್‌ಬಿಎ1ಸಿ ಅಂಕಿ ಏರುಪೇರಾಗಬಹುದಂತೆ. ವಿಪರೀತ ದಾಹ, ತೂಕ ಇಳಿಯುವುದು ಮುಂತಾದ ಲಕ್ಷಣಗಳಿಲ್ಲದವರಿಗೆ ಇಂಥ ಒಂದೇ ಅಂಕಿಯ ಮೇಲೆ ಕಾಯಿಲೆ ಇದೆ ಎಂದು ಹೇಳುವಂತಿಲ್ಲ, ಮತ್ತೆ ಪರೀಕ್ಷಿಸಬೇಕು ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿ ತಜ್ಞರಿಗೆ ಚೀಟಿ ಬರೆದುಕೊಟ್ಟರು. ತಜ್ಞರ ಬಳಿ ಸಮಯ ಸಿಕ್ಕಿದ್ದು 24 ದಿನಗಳ ಮೇಲೆ.

ಈ 24 ದಿನಗಳೇ ನಮ್ಮ ಲೇಖನದ ವಿಷಯ. ಕಾಯಿಲೆ ಬಂದಾಗ ಏನು ಮಾಡಬೇಕೆಂದು ಹೇಳುವವರು ನೂರು ಜನ. ಬಂದಿದೆಯೋ ಇಲ್ಲವೋ ತಿಳಿಯದ ದಿನಗಳಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳಬೇಕು? ಯಾರಿಗೆ ಹೇಳಬೇಕು? ಸುಮ್ಮನಿದ್ದರೆ ಅದು ಸುಳ್ಳೇ?

ಯಜಮಾನರು ಒಂಬತ್ತು ದಿನ ಸುಮ್ಮನಿದ್ದರು. ಹತ್ತನೆಯ ದಿನ ಪಾರ್ಕಿಂಗ್ ದಂಡದ ವಿಷಯಕ್ಕೆ ಮುಲ್ಕಿಯಾ ಹುಡುಕುವಾಗ ಮನೆಯಾಕೆಗೆ ಆ ಕಾಗದ ಸಿಕ್ಕಿತು. ಆ ಸಂಜೆ ನಮ್ಮಲ್ಲಿ ನಡೆದದ್ದು ಜಗಳವಲ್ಲ, ಜಗಳಕ್ಕಿಂತ ಕೆಟ್ಟದ್ದು. "ಒಂಬತ್ತು ದಿನ ನಾನು ನಿಮಗೆ ಎರಡೆರಡು ಸಲ ಅನ್ನ ಬಡಿಸಿದೆನಲ್ಲ ರೀ, ಒಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಮೂರು ಹೋಳಿಗೆಯ ಕಥೆ ಹೊರಬಂದಾಗ ಮಾತ್ರ ಇಬ್ಬರಿಗೂ ನಗು ಬಂತು, ಹಿಂದೆಯೇ ಅಳುವೂ ಬಂತು.

ಬಚ್ಚಿಟ್ಟದ್ದಕ್ಕೆ ಕಾರಣಗಳಿದ್ದವು. ಆ ಕಾರಣಗಳು ಈ ಮರಳುನಾಡಿನಲ್ಲಿ ದುಡಿಯುವ ನಮ್ಮೆಲ್ಲರ ಮನೆಯಲ್ಲೂ ಇರುವಂಥವು. ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲನೆಯದು ಕೆಲಸದ ಭಯ. ಕಾಯಿಲೆಯೆಂದರೆ ವೀಸಾ ಹೋಗುತ್ತದೆ, ಕಂಪನಿ ಟಿಕೆಟ್ ಕೈಗಿಡುತ್ತದೆ ಎಂಬ ಮಾತು ಇಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಆದರೆ ವೀಸಾಕ್ಕಾಗಿ ನಡೆಯುವ ವೈದ್ಯಕೀಯ ತಪಾಸಣೆ ಹುಡುಕುವುದು ಕ್ಷಯ, ಎಚ್‌ಐವಿಯಂಥ ಅಂಟುರೋಗಗಳನ್ನು. ಮಧುಮೇಹ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಆ ತಪಾಸಣೆಯ ಪಟ್ಟಿಯಲ್ಲೂ ಅದಿಲ್ಲ. ಈ ದೇಶಕ್ಕೆ ಇದು ಹೊಸ ಕಾಯಿಲೆಯೂ ಅಲ್ಲ. ಅಬುಧಾಬಿಯಲ್ಲಿ ಇಂಪೀರಿಯಲ್ ಕಾಲೇಜ್ ಲಂಡನ್ ಡಯಾಬಿಟಿಸ್ ಸೆಂಟರ್ 2006ರಲ್ಲಿ ಆರಂಭವಾಯಿತು. ದುಬೈಯಲ್ಲಿ ಸರ್ಕಾರವೇ 2009ರಲ್ಲಿ ದುಬೈ ಡಯಾಬಿಟಿಸ್ ಸೆಂಟರ್ ತೆರೆಯಿತು. ಸೋಡಾ ಪಾನೀಯಗಳ ಮೇಲೆ 2017ರಲ್ಲಿ ಶೇಕಡಾ 50 ತೆರಿಗೆ ಹಾಕಿದ್ದೂ ಇದೇ ಚಿಂತೆಯಿಂದ. ಕಂಪನಿ ಆರೋಗ್ಯ ವಿಮೆ ಕೊಡುವುದು ಅಬುಧಾಬಿಯಲ್ಲಿ 2005ರ ಕಾನೂನಿನಿಂದಲೂ ದುಬೈಯಲ್ಲಿ 2013ರ ಕಾನೂನಿನಿಂದಲೂ ಕಡ್ಡಾಯವಾಯಿತು. 2025ರ ಜನವರಿಯಿಂದ ಉಳಿದ ಎಮಿರೇಟುಗಳಲ್ಲೂ ಜಾರಿಗೆ ಬಂತು. ವಿಮೆಯ ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆದರೆ ಮುಂದೆ ಹಣ ನಿರಾಕರಿಸಲು ಅದೇ ಕಾರಣವಾದೀತು. ಅಲ್ಲಿ ಬಚ್ಚಿಡುವುದು ಅನೀತಿ ಮಾತ್ರವಲ್ಲ, ದಡ್ಡತನವೂ ಹೌದು.

ಎರಡನೆಯದು ನಾಚಿಕೆ. ಇದನ್ನು ಯಜಮಾನರು ಕೊನೆಗೆ ಒಪ್ಪಿಕೊಂಡರು. ಜ್ವರ ಬಂದರೆ ಜನ ಅಯ್ಯೋ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಬಂದರೆ "ತಿಂದಿದ್ದು ಜಾಸ್ತಿಯಾಯ್ತು" ಎನ್ನುತ್ತಾರೆ. ಕಾಯಿಲೆಯ ಜೊತೆಗೆ ಒಂದು ತೀರ್ಪೂ ಬರುತ್ತದೆ. ಆದರೆ ನಮ್ಮ ಹಿರಿಯರು ಇಷ್ಟು ಅವಸರದ ತೀರ್ಪು ಕೊಟ್ಟಿರಲಿಲ್ಲ. ಸುಶ್ರುತ ಸಂಹಿತೆ ಪ್ರಮೇಹವನ್ನು ಎರಡು ಬಗೆಯೆಂದು ಹೇಳುತ್ತದೆ. ಒಂದು ಸಹಜ, ಅಂದರೆ ಹುಟ್ಟಿನಿಂದ ಬಂದದ್ದು. ಇನ್ನೊಂದು ಅಪಥ್ಯದಿಂದ ಬಂದದ್ದು. ಇಂದಿನ ವಿಜ್ಞಾನವೂ ಹೇಳುವುದು ಬಹುಮಟ್ಟಿಗೆ ಇದನ್ನೇ: ವಂಶ ಮತ್ತು ಜೀವನಕ್ರಮ ಎರಡೂ ಸೇರಿ ಈ ಕಾಯಿಲೆ. ಭಾರತೀಯರಾದ ನಮಗೆ ಇತರರಿಗಿಂತ ಕಡಿಮೆ ತೂಕದಲ್ಲೇ ಇದು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ, ಹೊಸ್ತಿಲಲ್ಲಿ ನಿಂತವರು ಸುಮಾರು 13 ಕೋಟಿ 60 ಲಕ್ಷ. ಇಷ್ಟು ಕೋಟಿ ಜನರೆಲ್ಲ ಹೊಟ್ಟೆಬಾಕರೆಂದು ಹೇಳಲಾದೀತೇ?

ಹಾಗೆಂದು ನಮ್ಮ ಕೈಯಲ್ಲೇನೂ ಇಲ್ಲವೆಂದು ಕೈಚೆಲ್ಲುವುದೂ ಸರಿಯಲ್ಲ. ತಪ್ಪು ಬೇರೆ, ಹೊಣೆ ಬೇರೆ. ಮಳೆ ಬಂದದ್ದು ನಮ್ಮ ತಪ್ಪಲ್ಲ, ಸೋರುವ ಮಾಡಿಗೆ ಹೆಂಚು ಹೊದಿಸುವುದು ನಮ್ಮ ಹೊಣೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೊಸ್ತಿಲಲ್ಲಿದ್ದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆಯಿಂದಲೇ ಕಾಯಿಲೆಗೆ ಜಾರುವ ಸಂಭವ ಶೇಕಡಾ 28ರಷ್ಟು ಕಡಿಮೆಯಾಯಿತು. ಅಂದರೆ ಮಾಡಿದ್ದಕ್ಕೆ ಫಲವಿದೆ; ಆದರೆ ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಬರಬಹುದು. ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ನಾಚಿಕೆಯೂ ಇಲ್ಲ, ಉದಾಸೀನವೂ ಇಲ್ಲ.

ಮೂರನೆಯ ಕಾರಣ ಪ್ರೀತಿ. ಇದೇ ಎಲ್ಲಕ್ಕಿಂತ ಕಷ್ಟದ್ದು. "ಇನ್ನೂ ಖಚಿತವಾಗಿಲ್ಲ, ಸುಮ್ಮನೆ ಯಾಕೆ ಮನೆಯವರನ್ನು ಹೆದರಿಸಲಿ?" ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾರೆವು. 24 ದಿನದ ನಂತರ ಏನೂ ಇಲ್ಲವೆಂದು ತಿಳಿದರೆ, ಹೇಳಿದ್ದರಿಂದ ಆದ ಚಿಂತೆಯೆಲ್ಲ ದಂಡವಲ್ಲವೇ? ನಾವಿಬ್ಬರೂ ಹಲವು ರಾತ್ರಿ ಈ ಬಗ್ಗೆ ವಾದ ಮಾಡಿದೆವು. ಕೊನೆಗೆ ನಮಗೆ ಕಂಡದ್ದೇನೆಂದರೆ, 'ಹೇಳಬೇಕೇ' ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾರಿಗೆ ಎಂದು ಮೊದಲು ಕೇಳಬೇಕು.

ಸಂಘದವರಿಗೆ, ಆಫೀಸಿನ ಜೊತೆಯವರಿಗೆ ಹೇಳಲೇಬೇಕೆಂಬ ಋಣವೇನೂ ಇಲ್ಲ. ನಮ್ಮ ರಕ್ತದ ಲೆಕ್ಕ ಊರಿಗೆಲ್ಲ ಬೇಕಿಲ್ಲ. "ಸಾಕು" ಎಂದರೆ ಸಾಕು, ಕಾರಣ ಕೊಡಬೇಕಿಲ್ಲ. ಕ್ರೇನ್ ನಡೆಸುವವರು, ಬಸ್ಸು ಲಾರಿ ಓಡಿಸುವವರು ಮಾತ್ರ ಕಾಯಿಲೆ ಖಚಿತವಾಗಿ ಇನ್ಸುಲಿನ್ನೋ ಸಕ್ಕರೆ ತಗ್ಗಿಸುವ ಮಾತ್ರೆಯೋ ಆರಂಭವಾದರೆ ಕಂಪನಿಯ ಡಾಕ್ಟರಿಗೆ ತಿಳಿಸಬೇಕು. ಸಕ್ಕರೆ ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬಂದರೆ ಅಪಾಯ ಅವರೊಬ್ಬರಿಗಲ್ಲ.

ಗಂಡನಿಗೆ, ಹೆಂಡತಿಗೆ ಹೇಳಲೇಬೇಕು, ಅದೂ ಅಂದೇ. ಚಿಂತೆಯಿಂದ ಕಾಪಾಡುತ್ತೇನೆಂದು ಹೇಳದಿರುವವರು ನಿಜದಲ್ಲಿ ಜೊತೆಯವರಿಂದ ಒಂದು ಹಕ್ಕನ್ನು ಕಸಿದುಕೊಳ್ಳುತ್ತಾರೆ: ಕಷ್ಟದಲ್ಲಿ ಪಾಲುಗೊಳ್ಳುವ ಹಕ್ಕು. ಒಂಬತ್ತು ದಿನ ಬಡಿಸಿದ ಕೈ, ಗೊತ್ತಿದ್ದರೆ ಬೇರೆ ರೀತಿ ಬಡಿಸುತ್ತಿತ್ತು. ಇನ್ನೊಂದು ಮಾತು: ಬಚ್ಚಿಟ್ಟ ಚಿಂತೆ ಬಚ್ಚಿಟ್ಟುಕೊಂಡಿರುವುದಿಲ್ಲ. ಆ ದಿನಗಳಲ್ಲಿ ಯಜಮಾನರು ಮಗಳ ಮೇಲೆ ಸಣ್ಣ ಮಾತಿಗೂ ಸಿಡುಕಿದರು. ಅವಳಿಗೆ ಅಪ್ಪನ ಕೋಪ ಕಂಡಿತು, ಕಾರಣ ಕಾಣಲಿಲ್ಲ. ಮಕ್ಕಳು ಕಾರಣ ಕಾಣದಾಗ ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ಹೇಳಬೇಕು. ಇದು ವಂಶದಲ್ಲಿ ಹರಿದುಬರುವ ಸಂಗತಿಯಾದ್ದರಿಂದ ಅವರಿಗೆ ಅದು ತಿಳಿಯಬೇಕಾದ ಆಸ್ತಿಪತ್ರವಿದ್ದಂತೆ. ಹತ್ತನೆಯ ತರಗತಿಯ ನಮ್ಮ ಮಗಳಿಗೆ ಹೇಳಿದಾಗ ಅವಳು ಅತ್ತಿಲ್ಲ. "ಹಾಗಾದ್ರೆ ಸಂಜೆ ನಾನೂ ವಾಕಿಂಗ್ ಬರ್ತೀನಿ" ಎಂದಳು, ಅಷ್ಟೆ.

ಇನ್ನು ಊರಿನಲ್ಲಿರುವ ತಾಯಿಗೆ? ಹಾಸನದಲ್ಲಿ ಒಬ್ಬರೇ ಇದ್ದಾರೆ. ಅವರಿಗೂ ಸಕ್ಕರೆ ಕಾಯಿಲೆ, ಬಹಳ ವರ್ಷಗಳಿಂದ. ಕೇಳಿದರೆ ಊಟ ಬಿಡುತ್ತಾರೆ, ಹರಕೆ ಹೊರುತ್ತಾರೆ, ನಿದ್ದೆ ಮಾಡುವುದಿಲ್ಲ. ಇವರಿಗೆ ಹೇಳದಿರುವುದೇ ಧರ್ಮ ಎಂದು ಇಬ್ಬರೂ ಒಪ್ಪಿದ್ದೆವು. ಆದರೆ ಡಾಕ್ಟರು ಕೊಟ್ಟ ಕಾಗದದಲ್ಲಿ 'ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಬಂತು' ಎಂಬ ಪ್ರಶ್ನೆಯಿತ್ತು. ಉತ್ತರ ಅಮ್ಮನ ಹತ್ತಿರವೇ ಇತ್ತು. ಒಂದು ಶನಿವಾರ ಬೆಳಿಗ್ಗೆ ಕರೆ ಮಾಡಿ, ಸುತ್ತಿ ಬಳಸಿ ಕೇಳಿದಾಗ ಅವರು ಒಂದೇ ಮಾತಿನಲ್ಲಿ ಹಿಡಿದರು: "ನಿಂಗೂ ಬಂತೇನಪ್ಪಾ?"

ಇನ್ನೂ ಗೊತ್ತಿಲ್ಲ, ಪರೀಕ್ಷೆ ಇದೆ ಎಂದು ಹೇಳಿದ್ದಾಯಿತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಹೇಳಿದರು: "ನಂಗೆ ಮೊದಲ ಸಲ ಗೊತ್ತಾದಾಗ ನೀನು ದುಬೈಗೆ ಹೋಗಿ ಎರಡು ತಿಂಗಳಾಗಿತ್ತು. ಕೆಲಸ ಬಿಟ್ಟು ಬಂದ್ಬಿಡ್ತೀಯ ಅಂತ ನಾನೇ ಹೇಳ್ಲಿಲ್ಲ. ಒಂದು ವರ್ಷ ಹೇಳ್ಲಿಲ್ಲ. ಆ ವರ್ಷ ನಂಗೆ ಬಹಳ ಕಷ್ಟ ಆಯ್ತು ಕಣಪ್ಪಾ."

ಆ ಒಂದು ವರ್ಷ ನಾವು ಇಲ್ಲಿಂದ ವಾರಕ್ಕೊಮ್ಮೆ ಕರೆ ಮಾಡಿ "ಆರಾಮಾ?" ಎಂದು ಕೇಳುತ್ತಿದ್ದೆವು. ಅವರು "ಆರಾಮು" ಎನ್ನುತ್ತಿದ್ದರು. ಊರಿಗೆ ಹೋಗುವಾಗ ಖರ್ಜೂರದ ಡಬ್ಬಿ, ಟ್ಯಾಂಗ್ ಪುಡಿ, ಚಾಕೊಲೇಟು ತುಂಬಿಕೊಂಡು ಹೋಗಿ ಕೊಟ್ಟಿದ್ದೆವು. ಅವರು ನಗುತ್ತ ತೆಗೆದುಕೊಂಡಿದ್ದರು. ಸಮುದ್ರದ ಎರಡೂ ದಡದಲ್ಲಿ ಒಬ್ಬರನ್ನೊಬ್ಬರು ಕಾಪಾಡುತ್ತೇವೆಂದು ಹೇಳಿಕೊಂಡು ಇಬ್ಬರೂ ಒಂಟಿಯಾಗಿ ಕಷ್ಟಪಟ್ಟಿದ್ದೆವು. ನಮ್ಮ ಸದಸ್ಯರ ಎಷ್ಟು ಮನೆಗಳಲ್ಲಿ ಈ "ಆರಾಮು" ನಡೆಯುತ್ತಿದೆಯೋ!

ಆದ್ದರಿಂದ ನಮ್ಮ ಅಭಿಪ್ರಾಯ ಬದಲಾಯಿತು. ದೂರದಲ್ಲಿರುವ ಹಿರಿಯರಿಗೂ ಹೇಳಬೇಕು. ಆದರೆ ಹೇಳುವ ಕ್ರಮವಿದೆ. ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳಬೇಕು. ಮುಂದಿನ ಸುದ್ದಿ ಯಾವ ದಿನ ಕೊಡುತ್ತೇವೆಂದು ಹೇಳಿ ಆ ದಿನ ಕೊಡಬೇಕು. ಅವರಿಗೆ ಮಾಡಲು ಏನಾದರೂ ಕೆಲಸವನ್ನೂ ಕೊಡಬೇಕು. ಅಮ್ಮ ಈಗ ದಿನಾ ಕರೆ ಮಾಡಿ "ಕಾಲಿನ ಬೆರಳಿನ ಸಂದಿ ನೋಡ್ಕೊಂಡ್ಯಾ?" ಎಂದು ಕೇಳುತ್ತಾರೆ. ಮೊದಲಿಗಿಂತ ಅವರ ದನಿ ಗಟ್ಟಿಯಾಗಿದೆ.

ಹೇಳಿದ್ದಾಯಿತು. ಇನ್ನು ಉಳಿದ ದಿನಗಳನ್ನು ಹೇಗೆ ಕಳೆಯುವುದು? ಕಾಯುವುದೆಂದರೇನು ಎಂಬುದಕ್ಕೆ ಈ ಕಾಯಿಲೆಯ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. ಅಮೆರಿಕದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಗೆ 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಮಧುಮೇಹ ಬಂತು. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಮುಂದೆ ಆ ದೇಶದ ವಿದೇಶಾಂಗ ಮಂತ್ರಿಯಾದವರು. ಆಗ ಈ ಕಾಯಿಲೆ ಬಂದ ಮಕ್ಕಳಿಗೆ ಔಷಧವೇ ಇರಲಿಲ್ಲ. ಡಾ. ಫ್ರೆಡರಿಕ್ ಆಲೆನ್ ಹೇಳಿದ ಅರೆಹೊಟ್ಟೆಯ ಪಥ್ಯ ಮಾಡಿದರೆ ಸಾವು ಕೆಲವು ಕಾಲ ಮುಂದೆ ಹೋಗುತ್ತಿತ್ತು, ಅಷ್ಟೆ. ಜೊತೆಯಲ್ಲಿ ಒಬ್ಬ ದಾದಿ ಇದ್ದು ಪ್ರತಿ ತುತ್ತನ್ನೂ ತೂಗಿ ಕೊಡುತ್ತಿದ್ದಳು. ಹೀಗೆ ಮೂರು ವರ್ಷ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಸಂಗಡಿಗರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಆ ಆಗಸ್ಟಿನಲ್ಲಿ ಎಲಿಜಬೆತ್ ಟೊರಾಂಟೋ ತಲುಪಿದಾಗ ಅವಳ ತೂಕ ಸುಮಾರು 20 ಕಿಲೋ. ಇನ್ಸುಲಿನ್ ಸಿಕ್ಕಿತು, ಬದುಕಿದಳು, ಮದುವೆಯಾಗಿ ಮಕ್ಕಳನ್ನು ಪಡೆದಳು, 1981ರವರೆಗೆ ಬಾಳಿದಳು. ಮುಂದೆ ತನ್ನ ಕಾಯಿಲೆಯ ವಿಷಯ ಹೊರಗಿನವರಿಗೆ ತಿಳಿಯದಂತೆ ಬಹಳ ಜೋಪಾನ ಮಾಡಿದಳಂತೆ. ಅದು ಅವಳ ಹಕ್ಕು. ಆದರೆ ಕಾಯುವ ಮೂರು ವರ್ಷ ಅವಳು ಒಬ್ಬಳೇ ಕಾಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ತೂಗಿ ಕೊಡುವ ಕೈ ಒಂದು ಪಕ್ಕದಲ್ಲಿತ್ತು. ಔಷಧ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ದಿನದ ತೂಕ ಮಾತ್ರ.

ನಮ್ಮ 24 ದಿನ ಅದರ ಮುಂದೆ ಏನೂ ಅಲ್ಲ. ಆದರೂ ಕಲಿಯುವ ಪಾಠ ಅದೇ: ನಾಳೆಯ ತೀರ್ಪನ್ನು ಇಂದೇ ಬರೆಯಬಾರದು, ಇಂದಿನ ಕೆಲಸವನ್ನು ನಾಳೆಗೆ ಬಿಡಬಾರದು. ನಮಗೆ ಎರಡು ಆಸೆಗಳು ಬಂದವು. ಒಂದು, 'ಖಚಿತವಾಗುವವರೆಗೆ ತಿಂದುಬಿಡೋಣ' ಎಂಬುದು. ಇನ್ನೊಂದು, ತಜ್ಞರ ಮುಂದೆ ಒಳ್ಳೆಯ ಅಂಕಿ ಬರಲೆಂದು ನಾಲ್ಕು ದಿನ ಉಪವಾಸ ಮಾಡುವುದು. ಎರಡೂ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಎರಡು ಮೂರು ತಿಂಗಳ ಲೆಕ್ಕ ಬರೆದಿಡುವ ಪರೀಕ್ಷೆಯನ್ನು ನಾಲ್ಕು ದಿನದ ಉಪವಾಸ ಮೋಸಗೊಳಿಸಲಾರದು. ಇನ್ನೂ ಒಂದು ಎಚ್ಚರಿಕೆ: ಮನೆಯಲ್ಲಿ ಹಿರಿಯರ ಮಾತ್ರೆ ಇದೆಯೆಂದು, ರೂಮಿನ ಸ್ನೇಹಿತ ಊರಿನಿಂದ ತಂದ ಪಟ್ಟಿ ಇದೆಯೆಂದು, ತಾವೇ ನುಂಗಿಬಿಡುವವರಿದ್ದಾರೆ. ಕೆಲವು ಮಾತ್ರೆಗಳು ಸಕ್ಕರೆಯನ್ನು ಅಪಾಯಕ್ಕೆ ಇಳಿಸುತ್ತವೆ. ದಯವಿಟ್ಟು ಬೇಡ. ಹಾಗೆಯೇ ವಿಪರೀತ ದಾಹ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ತಜ್ಞರ ದಿನಕ್ಕೆ ಕಾಯದೆ ಅಂದೇ ಡಾಕ್ಟರಿಗೆ ತೋರಿಸಿ. ವಾಂತಿ, ಮಂಪರು, ಏದುಸಿರು ಬಂದರೆ ನೇರ ತುರ್ತು ವಿಭಾಗಕ್ಕೆ ಹೋಗಿ. ಕಾಯುವುದು ಧರ್ಮವಲ್ಲದ ಹೊತ್ತೂ ಇರುತ್ತದೆ.

ನಾವು ಮಾಡಿದ್ದು ಸಣ್ಣ ಕೆಲಸಗಳು. ಅನ್ನದ ಅಳತೆಯ ಲೋಟ ಬದಲಾಯಿತು, ಪಲ್ಯ ಹೆಚ್ಚಾಯಿತು. ರಾಗಿ ಮುದ್ದೆಯೂ ಅಳತೆ ಮೀರಿದರೆ ಸಕ್ಕರೆಯೇ ಎಂದು ತಿಳಿಯಿತು. ಸಂಜೆಯ ಕರಕ್ ಚಹಾ ನಿಂತಿತು. ಕರಾಮದಿಂದ ಜಬೀಲ್ ಪಾರ್ಕಿನವರೆಗೆ ಮೂವರೂ ನಡೆಯುತ್ತೇವೆ. ಇಷ್ಟಕ್ಕೆ ಯಾವ ತಜ್ಞರ ಅಪ್ಪಣೆಯೂ ಬೇಕಿರಲಿಲ್ಲ. ಕಾಯಿಲೆ ಇಲ್ಲವೆಂದಾದರೂ ಇದರಿಂದ ನಷ್ಟವಿಲ್ಲ.

ನಡೆಯುವಾಗ ಒಂದು ವಿಷಯ ನಮ್ಮನ್ನು ಕಾಡುತ್ತದೆ. ನಮಗೆ ಅಡುಗೆಮನೆಯಿದೆ, ಅಳತೆಯ ಲೋಟವಿದೆ, ಕೇಳುವವರಿದ್ದಾರೆ. ಸೋನಾಪುರದಲ್ಲಿ, ಮುಸಫಾದಲ್ಲಿ ಕ್ಯಾಂಪುಗಳಲ್ಲಿರುವ ನಮ್ಮವರಿಗೆ ಮೆಸ್ಸಿನಲ್ಲಿ ಬಂದದ್ದೇ ಊಟ. ಅದರಲ್ಲಿ ಅನ್ನವೇ ಮುಕ್ಕಾಲು. ಮೂಲ ವಿಮೆಯವರು ಮೊದಲು ಸಾಮಾನ್ಯ ಡಾಕ್ಟರ ಚೀಟಿ ಪಡೆಯಬೇಕು, ಅದಕ್ಕೆ ರಜೆ ಬೇಕು, ರಜೆಗೆ ಸಂಬಳ ಹೋದೀತೆಂಬ ಹೆದರಿಕೆ. ಅವರು ಬಚ್ಚಿಟ್ಟರೆ ಅದನ್ನು ಹೇಡಿತನವೆನ್ನಲು ನಮಗೆ ಬಾಯಿಲ್ಲ. ಹೇಳಿದರೆ ಕೇಳಿಸಿಕೊಳ್ಳುವವರು ಇದ್ದಾಗಲಷ್ಟೇ ಸತ್ಯ ಹೇಳಲು ಸಾಧ್ಯ. ಸಂಘದಲ್ಲಿ ಡಾಕ್ಟರುಗಳಿದ್ದಾರೆ, ಕಾರುಗಳಿವೆ. ಮುಂದಿನ ಕಾರ್ಯಕ್ರಮದ ದಿನ ಬೆಳಿಗ್ಗೆ ಒಂದು ಗಂಟೆ ಸಕ್ಕರೆ ಪರೀಕ್ಷೆಗೆ ಮೀಸಲಿಟ್ಟು, ಕ್ಯಾಂಪಿನ ನಮ್ಮವರನ್ನು ಕರೆತರಬಹುದಲ್ಲವೇ? ಕಾರ್ಯಕಾರಿ ಸಮಿತಿ ಯೋಚಿಸಲಿ.

ಇನ್ನೊಂದು ಸಣ್ಣ ಬಿನ್ನಹ ಬಡಿಸುವ ಬಂಧುಗಳಿಗೆ. ಉಪಚಾರ ನಮ್ಮ ಸಂಸ್ಕೃತಿ, ಒಪ್ಪಿದೆವು. ಆದರೆ "ಸಂಕೋಚ ಬೇಡ, ಇನ್ನೊಂದು" ಎಂದು ಒಮ್ಮೆ ಕೇಳಿದರೆ ಪ್ರೀತಿ. ಮೂರು ಸಲ ಕೇಳಿ, ಎಲೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ಇಟ್ಟರೆ, ಆ ಎಲೆಯ ಮುಂದಿನವರು ಬಾಯಿಬಿಟ್ಟು ಹೇಳಲಾಗದ ಯಾವ ಕಾಗದವನ್ನು ಎಲ್ಲಿ ಮಡಿಚಿಟ್ಟಿದ್ದಾರೋ ಯಾರು ಬಲ್ಲರು? 'ಸಾಕು' ಎಂಬ ಮಾತನ್ನು ಕಾರಣ ಕೇಳದೆ ಗೌರವಿಸುವುದೂ ಉಪಚಾರವೇ.

ನವೆಂಬರ್ 14 ನಮಗೆ ಮಕ್ಕಳ ದಿನ. ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ದಿನ, 1891ರಲ್ಲಿ. ಅದಕ್ಕೇ ಅದು ವಿಶ್ವ ಮಧುಮೇಹ ದಿನ. ಆ ದಿನ ಮಗಳು ಆ ಮಡಿಚಿದ ವರದಿಯನ್ನು ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ನೇವರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬಂದ ನೆಂಟರು ಓದುತ್ತಾರೆ. ಓದಲಿ.

ಮುಂದಿನ ಮಂಗಳವಾರ ತಜ್ಞರನ್ನು ಕಾಣುವ ದಿನ. ಏನಾಯಿತೆಂದು ಅಂದೇ ಸಂಜೆ ಹಾಸನಕ್ಕೆ ಹೇಳುತ್ತೇವೆಂದು ಮಾತು ಕೊಟ್ಟಿದ್ದೇವೆ. ಯಾವ ಉತ್ತರ ಬಂದರೂ ಅದನ್ನು ಕೇಳಲು ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ. ನಿಮ್ಮ ಮನೆಯಲ್ಲೂ ಯಾವುದಾದರೂ ಖಾನೆಯಲ್ಲಿ ಇಂಥ ಕಾಗದ ಇದ್ದರೆ, ಈ ರಾತ್ರಿಯ ಊಟಕ್ಕೆ ಮೊದಲು ತೆಗೆದು ಮೇಜಿನ ಮೇಲಿಡಿ.